ಮುತ್ಯಾನ ಅಪ್ಪ ಯಾರು? ಮನೆತನದ ಬೇರು ಹುಡುಕುವವರಿಗೆ ಒಂದು ಕೈಪಿಡಿ

ಶಾಲೆಯಿಂದ ಬಂದ ಮಗಳು, ವಂಶವೃಕ್ಷ ಬರೆದುಕೊಂಡು ಹೋಗಬೇಕು ಎಂದು ಹಾಳೆ ಮುಂದಿಟ್ಟಳು. ಅಪ್ಪನ ಹೆಸರು ಬರೆದೆವು, ಮುತ್ಯಾನ ಹೆಸರು ಬರೆದೆವು. ಮುತ್ಯಾನ ಅಪ್ಪನ ಹೆಸರಿಗೆ ಬಂದಾಗ ಕೈ ನಿಂತಿತು. ಮುತ್ಯಾನ ತಾಯಿಯ ಹೆಸರಂತೂ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾವಳಗಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹೆಚ್ಚಿನ ಮನೆಗಳಲ್ಲಿ ಇದೇ ಪರಿಸ್ಥಿತಿ. ಮೂರನೆಯ ತಲೆಮಾರಿಗೆ ನೆನಪು ಮುಗಿಯುತ್ತದೆ.

ಆದರೆ ಇದೇ ನೆಲದವನೊಬ್ಬ ಸಾವಿರ ವರ್ಷದ ಹಿಂದೆ ತನ್ನ ಮನೆಯವರ ಹೆಸರನ್ನೆಲ್ಲ ಬರೆದಿಟ್ಟಿದ್ದಾನೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ತನ್ನ ‘ಅಜಿತಪುರಾಣ’ದಲ್ಲಿ (993) ತಂದೆ ಜಿನವಲ್ಲಭನನ್ನೂ ತಾಯಿ ಅಬ್ಬಲಬ್ಬೆಯನ್ನೂ ನೆನೆದಿದ್ದಾನೆ. ಹೆಂಡತಿಯರು ಜಕ್ಕಿ, ಶಾಂತಿ. ಮಗ ರಾಯ, ಮಗಳು ಅತ್ತಿಮಬ್ಬೆ. ತಾಯಿ, ಹೆಂಡತಿ, ಮಗಳು ಮೂವರ ಹೆಸರೂ ಉಳಿದಿವೆ. ಬಳೆಗಾರರ ಮನೆತನವೊಂದು ಹೀಗೆ ದಾಖಲಾಗಬಹುದಾದರೆ ನಿಮ್ಮದೂ ಆಗಬಹುದು. ಅದಕ್ಕೆ ಅರಮನೆಯಲ್ಲಿ ಹುಟ್ಟಬೇಕಾಗಿಲ್ಲ, ಸಂಶೋಧಕರೂ ಆಗಬೇಕಾಗಿಲ್ಲ. ಕ್ರಮ ಗೊತ್ತಿರಬೇಕು, ತಾಳ್ಮೆ ಇರಬೇಕು.

ಹೆಸರಿನ ಬೆನ್ನು ಹತ್ತಿದರೆ ದಾರಿ ಏಕೆ ತಪ್ಪುತ್ತದೆ?

ಹೊಸಬರು ಮೊದಲು ಅಡ್ಡಹೆಸರು ಹಿಡಿದು ಹುಡುಕುತ್ತಾರೆ. ನಮ್ಮ ಕಡೆ ಅಡ್ಡಹೆಸರು ಸ್ಥಿರವಾದದ್ದಲ್ಲ. ಬಡಿಗೇರ, ಪತ್ತಾರ, ಕುಂಬಾರ, ತಳವಾರ ಎಂಬವು ಕೆಲಸದಿಂದ ಬಂದವು. ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬವು ವ್ಯಾಪಾರದಿಂದಲೋ ಯಾವುದೋ ಹಳೆಯ ಪ್ರಸಂಗದಿಂದಲೋ ಅಂಟಿದವು. ಇನ್ನು ಊರಿನ ಹೆಸರೇ ಅಡ್ಡಹೆಸರಾದವರೂ ಇದ್ದಾರೆ. ‘ಸಾವಳಗಿ’ ಎಂಬ ಅಡ್ಡಹೆಸರಿನವರು ಸಾವಳಗಿಯಲ್ಲಿ ಸಿಗುವುದು ಅಪರೂಪ. ಬನಹಟ್ಟಿಯಲ್ಲೋ ವಿಜಯಪುರದಲ್ಲೋ ಸಿಗುತ್ತಾರೆ. ಊರಲ್ಲಿದ್ದವನಿಗೆ ಆ ಹೆಸರು ಬೇಕಿಲ್ಲ, ಊರು ಬಿಟ್ಟವನನ್ನೇ ಜನ ಆ ಹೆಸರಿನಿಂದ ಗುರುತಿಸಿದರು. ಹಾಗಾಗಿ ಊರಿನ ಅಡ್ಡಹೆಸರು ನಿಮ್ಮವರು ಎಲ್ಲಿಂದ ಬಂದರು ಎಂಬುದರ ಸುಳಿವು. ಅದಕ್ಕಿಂತ ಹಿಂದೆ ಅದೇ ಮನೆತನಕ್ಕೆ ಬೇರೊಂದು ಹೆಸರಿದ್ದಿರಬಹುದು.

ಎರಡನೆಯ ತೊಡಕು, ಹೆಸರುಗಳ ಮರುಕಳಿಕೆ. ಮೊಮ್ಮಗನಿಗೆ ಮುತ್ಯಾನ ಹೆಸರಿಡುವುದು ನಮ್ಮ ರೂಢಿ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಮತ್ತೆ ಬಸಪ್ಪ. ಅಣ್ಣತಮ್ಮಂದಿರು ನಾಲ್ವರಿದ್ದರೆ ನಾಲ್ಕೂ ಮನೆಯಲ್ಲಿ ಒಬ್ಬೊಬ್ಬ ಬಸಪ್ಪ. ಬರೀ ಹೆಸರು ಹಿಡಿದರೆ ಯಾರದೋ ಮುತ್ಯಾ ನಿಮ್ಮ ಮುತ್ಯಾ ಆಗಿಬಿಡುತ್ತಾನೆ.

ಆದ್ದರಿಂದ ಸುಲಭಕ್ಕೆ ಬದಲಾಗದ ಮೂರು ಗೂಟಗಳನ್ನು ಹಿಡಿಯಿರಿ: ಹೊಲ, ಮನೆದೇವರು, ತವರು. ಉಳುವವರು ಬದಲಾದರೂ ಸರ್ವೆ ನಂಬರು ಬಹುಮಟ್ಟಿಗೆ ಅದೇ ಇರುತ್ತದೆ. ಊರು ಬಿಟ್ಟವರೂ ಮನೆದೇವರನ್ನು ಬಿಡುವುದು ಕಡಿಮೆ. ಮನೆಗೆ ಬಂದ ಸೊಸೆಯ ತವರು ಯಾವುದು ಎಂಬುದು ಗೊತ್ತಾದರೆ ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಬಹುದು. ಬಸಪ್ಪಂದಿರು ನಾಲ್ವರಿರಬಹುದು, ತೇರದಾಳದಿಂದ ಹೆಣ್ಣು ತಂದ ಬಸಪ್ಪ ಒಬ್ಬನೇ ಇರುತ್ತಾನೆ.

ನಿಮ್ಮ ಊರು ಯಾರ ಆಳಿಕೆಯಲ್ಲಿತ್ತು?

ಇದು ಗೊತ್ತಿಲ್ಲದೆ ಹಳೆಯ ಕಾಗದ ಹುಡುಕಲಾಗದು. ಇಂದು ಅಕ್ಕಪಕ್ಕದಲ್ಲಿರುವ ಈ ತಾಲೂಕುಗಳು ಒಂದು ಕಾಲಕ್ಕೆ ಬೇರೆ ಬೇರೆ ದರಬಾರುಗಳ ಕೆಳಗಿದ್ದವು.

• ಜಮಖಂಡಿ: ಪಟವರ್ಧನರ ಸಂಸ್ಥಾನ. ಬನಹಟ್ಟಿ ಇದರಲ್ಲಿತ್ತು.
• ಮುಧೋಳ: ಘೋರ್ಪಡೆಯವರ ಸಂಸ್ಥಾನ. ಮಹಾಲಿಂಗಪುರ ಇದಕ್ಕೆ ಸೇರಿತ್ತು.
• ರಬಕವಿ, ತೇರದಾಳ: ಸಾಂಗಲಿ ಸಂಸ್ಥಾನ. ಬನಹಟ್ಟಿಗೂ ರಬಕವಿಗೂ ಇಂದು ನಡುವೆ ಗಡಿಯೇ ಕಾಣದು. ಆಗ ಇವು ಎರಡು ಸಂಸ್ಥಾನಗಳ ಊರುಗಳು.
• ಬೀಳಗಿ: ನೇರ ಬ್ರಿಟಿಷ್ ಆಡಳಿತ. ಜಿಲ್ಲಾ ಕೇಂದ್ರ 1885ರಲ್ಲಿ ವಿಜಾಪುರಕ್ಕೆ (ಇಂದಿನ ವಿಜಯಪುರ) ಹೋಗುವ ಮೊದಲು ಕಲಾದಗಿಯಲ್ಲಿತ್ತು. ಹಾಗಾಗಿ ಹಳೆಯ ಕಾಗದದಲ್ಲಿ ‘ಕಲಾದಗಿ ಜಿಲ್ಲೆ’ ಎಂದಿದ್ದರೆ ಗಾಬರಿಯಾಗಬೇಡಿ.

ಈ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ರಬಕವಿ-ಬನಹಟ್ಟಿ ತಾಲೂಕಾದದ್ದು ತೀರ ಈಚೆಗೆ. ಒಂದೇ ಹೊಲದ ಕಾಗದಗಳು ನಾಲ್ಕು ಕಡೆ ಹಂಚಿಹೋಗಿರುವುದು ಇದರಿಂದಲೇ. 1948ರ ಹಿಂದಿನ ದರಬಾರಿನ ಬರಹ ಹೆಚ್ಚಾಗಿ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇರುತ್ತದೆ.

ಹುಡುಕುವ ಕ್ರಮ

1. ನಿಮ್ಮಿಂದ ಶುರು ಮಾಡಿ, ಹಿಂದಕ್ಕೆ ಹೋಗಿ. ದೂರದ ವೀರಪುರುಷನನ್ನು ಹಿಡಿದು ಕೆಳಗಿಳಿಯಬೇಡಿ. ನೀವು, ನಿಮ್ಮ ಒಡಹುಟ್ಟಿದವರು, ತಂದೆತಾಯಿ, ಅವರ ಒಡಹುಟ್ಟಿದವರು: ಒಂದು ತಲೆಮಾರು ಪೂರ್ತಿಯಾದ ಮೇಲೆ ಮುಂದಿನದು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ. ನಮ್ಮಲ್ಲಿ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿ ಇರುವುದರಿಂದ ಒಬ್ಬರೇ ಎರಡು ಕೊಂಬೆಗಳಲ್ಲಿ ಬರುತ್ತಾರೆ. ಸಂಖ್ಯೆ ಇಲ್ಲದಿದ್ದರೆ ಒಬ್ಬರು ಇಬ್ಬರಾಗುತ್ತಾರೆ.

2. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಮೊದಲು ಮಾತಾಡಿಸಿ. ಗಂಡಸರು ಹೊಲದ ಲೆಕ್ಕ ಬಲ್ಲರು. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಬಲ್ಲವರು ಸೋದರತ್ತೆ, ದೊಡ್ಡವ್ವ, ಚಿಗವ್ವಂದಿರು. ‘ನಿನ್ನ ಅಜ್ಜನ ಹೆಸರೇನು?’ ಎಂದು ಕೇಳಿದರೆ ‘ಯಾರಿಗೆ ಗೊತ್ತೋ ಯಪ್ಪಾ’ ಎಂಬ ಉತ್ತರ ಬರುತ್ತದೆ. ಪ್ರಸಂಗ ಹಿಡಿದು ಕೇಳಿ. ನಾನು ಸೋದರತ್ತೆಗೆ ಕೇಳಿದ್ದು ಇಷ್ಟೇ: ‘ಅತ್ತಿ, ನಿನ್ನ ಲಗ್ನದಾಗ ಅಕ್ಕಿಕಾಳ ಹಾಕಾಕ ಯಾರ್‍ಯಾರು ಬಂದಿದ್ರು?’ ಆಕೆ ಕಣ್ಣು ಮುಚ್ಚಿ ಒಂದು ತಾಸು ಹೇಳಿದಳು. ‘ನಮ್ಮ ಅವ್ವ ಬಂದಿದ್ದಿಲ್ಲ, ತೀರಿಕೊಂಡಿದ್ಲು. ಆಕಿ ತಂಗಿ ಮುಧೋಳದಿಂದ ಚಕ್ಕಡಿ ಕಟಗೊಂಡು ಬಂದಿದ್ಲು ನೋಡು.’ ಮುತ್ಯಾನ ಹೆಂಡತಿಯ ತವರು ಮುಧೋಳದ ಕಡೆ ಎಂಬುದು ನಮಗೆ ಗೊತ್ತಾದದ್ದು ಆ ಒಂದು ಚಕ್ಕಡಿಯಿಂದ. ಮದುವೆ, ಬಾಣಂತನ, ಸಾವು, ಜಾತ್ರೆ, ವಾಟ್ನಿ: ಈ ಐದರ ಸುತ್ತ ಪ್ರಶ್ನೆ ಕಟ್ಟಿರಿ. ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ.

3. ಮನೆಯನ್ನೇ ಹುಡುಕಿ. ಟ್ರಂಕಿನ ತಳದಲ್ಲಿ ಲಗ್ನಪತ್ರಿಕೆ, ಕಂದಾಯದ ಪಾವತಿ, ಸೊಸೈಟಿ ಸಾಲದ ಪುಸ್ತಕ, ಹಳೆಯ ರೇಷನ್ ಕಾರ್ಡು ಇರುತ್ತವೆ. ಮದುವೆಯ ಮುಯ್ಯಿ ಬರೆದಿಟ್ಟ ವಹಿ ಸಿಕ್ಕರೆ ಚಿನ್ನ ಸಿಕ್ಕಂತೆ, ಏಕೆಂದರೆ ಅದರಲ್ಲಿ ಬೀಗರ ಹೆಸರು ಊರಿನೊಂದಿಗೆ ಸಾಲಾಗಿ ಇರುತ್ತದೆ. ಅಟ್ಟದ ಮೇಲಿನ ತಾಮ್ರದ ಹಂಡೆ, ಹಿತ್ತಾಳೆ ಕೊಡ, ತಂಬಿಗೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ನೋಡಿ. ಕಂಠದ ಕೆಳಗೆ ಕೊಟ್ಟವರ ಹೆಸರು, ಎಷ್ಟೋ ಸಲ ತಾರೀಖು ಕೂಡ ಕೊರೆದಿರುತ್ತದೆ. ಗೋಡೆಯ ಫೋಟೋದ ಹಿಂಬದಿಯನ್ನೂ ನೋಡಿ.

4. ಹೆಳವರು ಬಂದಾಗ ಕೂತು ಕೇಳಿ. ಉತ್ತರ ಕರ್ನಾಟಕದ ದೊಡ್ಡ ಭಾಗ್ಯವಿದು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ನಿಮ್ಮ ಹಿರಿಯರ ಹೆಸರನ್ನು ಸಾಲಾಗಿ ಹೇಳುವ ಹೆಳವರು ವೃತ್ತಿಯಿಂದಲೇ ವಂಶಾವಳಿಕಾರರು. ಒಂದೊಂದು ಹೆಳವರ ಮನೆತನಕ್ಕೆ ಗೊತ್ತಾದ ಒಕ್ಕಲುಗಳಿರುತ್ತವೆ. ಕೆಲವು ವರ್ಷಕ್ಕೊಮ್ಮೆ ಬಂದು, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುತ್ತಾರೆ. ಮೂಲ ಊರು, ಬೆಡಗು, ಮನೆದೇವರು, ಯಾರು ಯಾವ ಊರಿಗೆ ಒಡೆದು ಹೋದರು ಎಂಬುದೂ ಅವರ ಬಾಯಲ್ಲಿ, ವಹಿಯಲ್ಲಿ ಇರುತ್ತದೆ. ಜೋಳ, ದುಡ್ಡು ಕೊಟ್ಟು ಕಳಿಸಿಬಿಡಬೇಡಿ. ಚಾಪೆ ಹಾಸಿ ಕೂರಿಸಿ, ಉಣ್ಣಲಿಕ್ಕೆ ಕೊಡಿ, ನಿಧಾನವಾಗಿ ಇನ್ನೊಮ್ಮೆ ಹೇಳಿಸಿ ಬರೆದುಕೊಳ್ಳಿ. ಅವರ ಊರು, ಮೊಬೈಲ್ ನಂಬರು ಕೇಳಿಟ್ಟುಕೊಳ್ಳಿ. ತಕ್ಕ ಕಾಣಿಕೆ ಕೊಡಿ. ಅವರ ವಿದ್ಯೆಗೆ ಬೆಲೆ ಇದೆ. ಅವರು ಹೇಳುವುದು ಹೆಚ್ಚಾಗಿ ಗಂಡಸರ ಸಾಲು. ಹೆಣ್ಣುಮಕ್ಕಳ ಹೆಸರನ್ನು ಎರಡನೆಯ ಹೆಜ್ಜೆಯಿಂದ ನೀವೇ ತುಂಬಬೇಕು.

5. ಉತಾರದಿಂದ ಫೇರಫಾರಿಗೆ ಹೋಗಿ. ಇಂದಿನ ಉತಾರ (ಪಹಣಿ) ಈಗಿನ ಹೆಸರು ಮಾತ್ರ ಹೇಳುತ್ತದೆ. ಅದರಲ್ಲಿರುವ ಮ್ಯುಟೇಶನ್ ನಂಬರು ಹಿಡಿದು ಹಿಂದಿನ ಫೇರಫಾರ್ ನೋಂದು ಕೇಳಿ, ಅದರಿಂದ ಅದರ ಹಿಂದಿನದು. ಮುಂಬಯಿ ಪ್ರಾಂತದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಹಳೆಯ ಕೈಬರಹದ ಪುಸ್ತಕಗಳು ತಹಶೀಲ್ದಾರ್ ಕಚೇರಿಯ ಅಭಿಲೇಖಾಲಯದಲ್ಲಿರುತ್ತವೆ. ಅವನ್ನು ಸ್ಕ್ಯಾನ್ ಮಾಡುವ ಕೆಲಸವೂ ನಡೆದಿದೆ. ದೃಢೀಕೃತ ನಕಲಿಗೆ ಅರ್ಜಿ ಕೊಡುವಾಗ ಊರು, ಸರ್ವೆ ನಂಬರು, ಹಿಸ್ಸಾ ಮೂರೂ ಬರೆಯಿರಿ. ಬರೀ ‘ನಮ್ಮ ಹಿರಿಯರ ದಾಖಲೆ ಕೊಡಿ’ ಎಂದರೆ ಯಾರೂ ಹುಡುಕಿಕೊಡಲಾರರು.

6. ಹೊಲ ಇಲ್ಲದವರು ಕೈಚೆಲ್ಲಬೇಡಿ. ಗೇಣಿಗೆ ಉಳುತ್ತಿದ್ದವರ ಹೆಸರು 1974ರ ಭೂಸುಧಾರಣೆಯ ನಂತರ ಭೂನ್ಯಾಯ ಮಂಡಳಿಗೆ ಸಲ್ಲಿಸಿದ ನಮೂನೆ 7ರಲ್ಲಿದೆ. ತಳವಾರ, ವಾಲೀಕಾರ ಮೊದಲಾದ ಚಾಕರಿಯ ಮನೆತನಗಳಿಗೆ 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆಯ ನಂತರ ಜಮೀನು ಮರುಮಂಜೂರಾಯಿತು. ಆ ಕಡತದಲ್ಲಿ ಯಾರ ಮಗ ಯಾರು ಎಂದು ವಂಶಾವಳಿಯನ್ನೇ ಹಚ್ಚಿರುತ್ತಾರೆ, ಏಕೆಂದರೆ ವಾರಸುದಾರನೆಂದು ತೋರಿಸದೆ ಜಮೀನು ಸಿಗುತ್ತಿರಲಿಲ್ಲ. ಗೌಡಕಿ, ಕುಲಕರ್ಣಿ ವತನದ ಮನೆಯವರಿಗೂ ಇದೇ ಮಾತು: 1874ರ ವತನ ಕಾಯ್ದೆಯಿಂದ ವಾರಸುದಾರರ ಪಟ್ಟಿ ಇಡುವ ಪದ್ಧತಿ ಬಂತು. ರಬಕವಿ-ಬನಹಟ್ಟಿಯ ನೇಕಾರರು ನೇಕಾರರ ಸಹಕಾರಿ ಸಂಘಗಳ ಹಳೆಯ ಸದಸ್ಯರ ಪುಸ್ತಕ ನೋಡಬೇಕು. ಇಚಲಕರಂಜಿಗೋ ಸೊಲ್ಲಾಪುರಕ್ಕೋ ಮಗ್ಗದ ಕೆಲಸಕ್ಕೆ ಹೋದ ಕೊಂಬೆ ಇದೆಯೇ ಎಂದೂ ವಿಚಾರಿಸಿ.

7. ಮುಳುಗಡೆಯಾದವರು ಪುನರ್ವಸತಿ ಕಡತ ಹಿಡಿಯಿರಿ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲೂಕಿನ ಎಷ್ಟೋ ಊರುಗಳು ನೆಲೆ ಬಿಟ್ಟವು. ಹಳೆಯ ಮನೆ, ಗುಡಿ, ಹೊಲದ ಬದುವಿನ ಗದ್ದುಗೆ ನೀರಿನಡಿ ಹೋದರೂ ಭೂಸ್ವಾಧೀನದ ಐತೀರ್ಪು, ಮನೆ ಎಣಿಕೆಯ ಪಟ್ಟಿ, ಪರಿಹಾರ ಹಂಚಿಕೆಯ ಕಾಗದ ಬಾಗಲಕೋಟೆಯ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಲ್ಲಿ ಉಳಿದಿರುತ್ತವೆ. ಪರಿಹಾರ ಯಾರ ಯಾರ ಪಾಲಿಗೆ ಹೋಯಿತು ಎಂಬ ಹಂಚಿಕೆಯೇ ಒಂದು ವಂಶಾವಳಿ.

8. ಶಾಲೆ, ನೋಂದಣಿ ಕಚೇರಿ, ಮಠ, ಮಸೀದಿ. ಹಳೆಯ ಸರಕಾರಿ ಕನ್ನಡ ಶಾಲೆಗಳ ದಾಖಲಾತಿ ರಜಿಸ್ಟರಿನಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಊರು, ವಯಸ್ಸು ಇರುತ್ತದೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಖರೀದಿ, ವಾಟ್ನಿ ಪತ್ರ, ದತ್ತಕ ಪತ್ರ, ಮೃತ್ಯುಪತ್ರಗಳು ಸಿಗುತ್ತವೆ. ಜನನ-ಮರಣದ ಪುಸ್ತಕವನ್ನೂ ಕೇಳಿ. ಲಿಂಗಾಯತರು ಮನೆಯ ಮಠದ ಅಯ್ಯನವರನ್ನು, ಮುಸ್ಲಿಮರು ಜಮಾತಿನ ನಿಕಾಹ್ ಪುಸ್ತಕವನ್ನು, ಕ್ರೈಸ್ತರು ಚರ್ಚಿನ ದೀಕ್ಷಾಸ್ನಾನದ ಪುಸ್ತಕವನ್ನು ನೋಡಬಹುದು. ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ ಕೆಲಸ ಮಾಡಿದ್ದರಿಂದ ಆ ಕಡೆಯ ಕುಟುಂಬಗಳ ಸುಳಿವು ಅಲ್ಲಿಯೂ ಸಿಗಬಹುದು. ತ್ರ್ಯಂಬಕೇಶ್ವರ, ನಾಸಿಕ್, ಕಾಶಿಗೆ ಹಿರಿಯರು ಯಾತ್ರೆ ಮಾಡಿದ್ದರೆ ಅಲ್ಲಿಯ ತೀರ್ಥಪುರೋಹಿತರ ವಹಿಗಳಲ್ಲಿ ಊರಿನ ಹೆಸರಿನಡಿ ಅವರ ಸಹಿಯೇ ಇದ್ದೀತು.

9. ಕೊನೆಗೆ ಪುರಾಲೇಖಾಗಾರ. ಮನೆ, ಊರು, ತಾಲೂಕು ಮುಗಿದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಮುಂಬಯಿ, ಪುಣೆ, ಕೊಲ್ಹಾಪುರದ ಪುರಾಲೇಖಾಗಾರಗಳಲ್ಲಿ ಪೇಶ್ವೆ ಹಾಗೂ ದಕ್ಷಿಣ ಮರಾಠಾ ಸಂಸ್ಥಾನಗಳ ಕಾಗದಗಳಿವೆ. ಊರಿನ ಹೆಸರು, ಅಂದಾಜು ವರ್ಷ, ಸಂಸ್ಥಾನ ಈ ಮೂರು ಕೈಯಲ್ಲಿರಬೇಕು. ಮೋಡಿ ಓದಬಲ್ಲವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಒಂದು ನೋಂದನ್ನು ಓದುವ ಬಗೆ

ಹಳೆಯ ಫೇರಫಾರ್ ನೋಂದು ಹೀಗಿರುತ್ತದೆ. ಇದು ಕಲಿಯಲೆಂದು ನಾನು ಕಟ್ಟಿದ ಮಾದರಿ, ಯಾವ ಮನೆತನದ್ದೂ ಅಲ್ಲ:

“ಮಲ್ಲಪ್ಪಾ ಬಿನ್ ಬಸಪ್ಪಾ ಇವರು ಸನ್ 1931ರಲ್ಲಿ ಮಯತ. ವಾರಸಾ: ಹೆಂಡತಿ ಗೌರವ್ವಾ ಕೋಂ ಮಲ್ಲಪ್ಪಾ, ಮಕ್ಕಳು 1) ಬಸಪ್ಪಾ ವಯ 19, 2) ಶಿವಪ್ಪಾ ವಯ 11, ಅ.ಪಾ.ಕ. ತಾಯಿ ಗೌರವ್ವಾ. ಏ.ಕು.ಮ್ಯಾ. ಬಸಪ್ಪಾ. ವರ್ದಿಯಂತೆ ದಾಖಲ.”

‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಮಯತ’ ಎಂದರೆ ತೀರಿಕೊಂಡವರು, ‘ವರ್ದಿ’ ಎಂದರೆ ಮನೆಯವರು ಕೊಟ್ಟ ತಿಳಿವಳಿಕೆ. ‘ಅ.ಪಾ.ಕ.’ ಎಂದರೆ ವಯಸ್ಸಿಗೆ ಬಾರದ ಮಗುವಿನ ಪಾಲನಕರ್ತರು. ‘ಏ.ಕು.ಮ್ಯಾ.’ ಎಂದರೆ ಏಕತ್ರ ಕುಟುಂಬದ ಮ್ಯಾನೇಜರು.

ಇಷ್ಟೇ ಸಾಲಿನಲ್ಲಿ ಎಷ್ಟು ಸಿಕ್ಕಿತು ನೋಡಿ. ಮೂರು ತಲೆಮಾರಿನ ಹೆಸರು ಬಂತು. ಮಲ್ಲಪ್ಪ ತೀರಿದ ವರ್ಷ ಬಂತು. ಹಿರಿಯ ಮಗ 1912ರ ಸುಮಾರಿಗೆ, ಕಿರಿಯವನು 1920ರ ಸುಮಾರಿಗೆ ಹುಟ್ಟಿದ್ದೆಂದು ಲೆಕ್ಕ ಸಿಕ್ಕಿತು. ನಡುವೆ ಎಂಟು ವರ್ಷದ ಅಂತರವಿದೆ. ಅಲ್ಲಿ ದಾಖಲಾಗದ ಹೆಣ್ಣುಮಕ್ಕಳಿದ್ದರೇ, ಬದುಕದ ಕೂಸುಗಳಿದ್ದವೇ, ಗೌರವ್ವ ಎರಡನೆಯ ಹೆಂಡತಿಯೇ ಎಂಬ ಪ್ರಶ್ನೆಗಳು ಹುಟ್ಟುತ್ತವೆ. ಇವನ್ನು ಬರೆದುಕೊಂಡು ಮತ್ತೆ ಸೋದರತ್ತೆಯ ಬಳಿ ಹೋಗಬೇಕು. ‘ಏ.ಕು.ಮ್ಯಾ.’ ಎಂದು ಕಂಡಲ್ಲಿ ಒಂದೇ ಹೆಸರಿನ ಹಿಂದೆ ಹಲವು ಅಣ್ಣತಮ್ಮಂದಿರು ಇರಬಹುದು ಎಂಬುದನ್ನೂ ಮರೆಯಬೇಡಿ.

ವರ್ಷ ಕಂಡುಹಿಡಿಯುವುದು

ಹಿರಿಯರು ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ದೊಡ್ಡ ಬರ ಎಂದರೆ 1876-78. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಪ್ಲೇಗಿನ ಕಾಲ, 1896ರ ನಂತರದ ವರ್ಷಗಳು. ಮನೆಗೆ ಇಬ್ಬರು ಮೂವರು ಸತ್ತ ಜ್ವರ, 1918. ಗಾಂಧೀಜಿ ತೀರಿದ್ದು, ಸಂಸ್ಥಾನ ಹೋದದ್ದು, 1948. ಕೆಂಪು ಜೋಳ ತಿಂದ ಬರ, 1972-73. ರೈತರೇ ಸೇರಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ್ದು, 1989. ‘ಪ್ಲೇಗಿನಾಗ ಹಾಲು ಕುಡಿಯೋ ಕೂಸು’ ಎಂದರೆ ಹುಟ್ಟಿದ ಕಾಲ ಗೊತ್ತಾದಂತೆ.

ಕಾಗದದಲ್ಲಿ ಶಕೆ ಇದ್ದರೆ 78 ಕೂಡಿಸಿ. ನಮ್ಮ ಕಡೆಯ ಫಸಲಿ ಇದ್ದರೆ 590 ಕೂಡಿಸಿ. ಶಕೆ 1842 ಮತ್ತು ಫಸಲಿ 1330 ಎರಡೂ 1920-21ರ ಸುಮಾರಿಗೆ ಬರುತ್ತವೆ. ಬರೀ ಸಂವತ್ಸರದ ಹೆಸರಿದ್ದರೆ ಜೋಕೆ, ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ‘ಧಾತು’ ಎಂದರೆ 1876-77 ಆಗಬಹುದು, 1936-37 ಕೂಡ ಆಗಬಹುದು.

ಎಲ್ಲರೂ ಮಾಡುವ ತಪ್ಪುಗಳು

• ಒಂದೇ ಹೆಸರಿನ ಊರುಗಳನ್ನು ಕೂಡಿಸುವುದು. ಸಾವಳಗಿ ಜಮಖಂಡಿ ತಾಲೂಕಿನಲ್ಲಿದೆ. ಶಿವಲಿಂಗೇಶ್ವರ ಮಠದ ಸಾವಳಗಿ ಗೋಕಾಕ ತಾಲೂಕಿನದು. ಕಲಬುರಗಿ ಕಡೆಗೂ ಒಂದು ಸಾವಳಗಿ ಇದೆ. ಊರಿನೊಂದಿಗೆ ತಾಲೂಕು ಬರೆಯದ ಟಿಪ್ಪಣಿ ಮುಂದೆ ಉಪಯೋಗಕ್ಕೆ ಬಾರದು.
• ಜೂನ್ 1ನ್ನು ನಂಬುವುದು. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿಗೆ ಬರೆದ ಹುಟ್ಟಿದ ದಿನ ಅದು. ವರ್ಷವೂ ಒಂದೆರಡು ಹಿಂದೆಮುಂದೆ ಇರಬಹುದು.
• ದತ್ತಕ, ಮನೆಅಳಿಯತನ ಮರೆಯುವುದು. ದತ್ತಕ ಹೋದವನ ತಂದೆಯ ಹೆಸರೇ ಬದಲಾಗುತ್ತದೆ. ಮನೆಅಳಿಯ ಬಂದಲ್ಲಿ ಹೊಲ ಮಗಳ ಮೂಲಕ ಇಳಿದು, ಅಡ್ಡಹೆಸರು ಬೇರೆಯಾಗುತ್ತದೆ. ಹೆಸರು ಫಕ್ಕನೆ ಬದಲಾದರೆ ಮೊದಲು ಈ ಎರಡನ್ನು ವಿಚಾರಿಸಿ.
• ವಂಶವೃಕ್ಷದ ಪ್ರಮಾಣಪತ್ರವೇ ಪೂರ್ತಿ ಎಂದುಕೊಳ್ಳುವುದು. ನಾಡಕಚೇರಿಯಿಂದ ಬರುವುದು ವಾರಸಾ ಕೆಲಸಕ್ಕಾಗಿ ಮಾಡಿದ್ದು. ಹಳೆಯವುಗಳಲ್ಲಿ ಹೆಣ್ಣುಮಕ್ಕಳನ್ನು, ಮಕ್ಕಳಿಲ್ಲದೆ ತೀರಿದವರನ್ನು ಬಿಟ್ಟಿರುತ್ತಾರೆ.
• ಜನಗಣತಿಗೆ ಕಾಯುವುದು. ಅಮೆರಿಕದಲ್ಲಿ 72 ವರ್ಷಕ್ಕೆ, ಬ್ರಿಟನ್ನಿನಲ್ಲಿ 100 ವರ್ಷಕ್ಕೆ ಮನೆಮನೆಯ ಗಣತಿ ಹಾಳೆ ತೆರೆಯುತ್ತಾರೆ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯಂತೆ ವ್ಯಕ್ತಿಗಳ ವಿವರ ಗೋಪ್ಯ. ವಿದೇಶದ ಪುಸ್ತಕ ನೋಡಿ ಆ ದಾರಿ ಹಿಡಿಯಬೇಡಿ.
• ದೊಡ್ಡ ಮನೆತನಕ್ಕೆ ಗಂಟು ಹಾಕುವುದು. ಮುಧೋಳದ ಘೋರ್ಪಡೆಯವರ ಇತಿಹಾಸ ಫರ್ಮಾನುಗಳ ಸಮೇತ 1934ರಲ್ಲಿ ಅಚ್ಚಾಗಿದೆ. ಆದರೂ ಆ ಫರ್ಮಾನುಗಳ ಖಚಿತತೆಯ ಬಗ್ಗೆ ಇತಿಹಾಸಕಾರರಲ್ಲಿ ವಾದ ನಡೆದೇ ಇದೆ. ಅರಮನೆಯ ವಂಶಾವಳಿಯನ್ನೇ ಒರೆಗೆ ಹಚ್ಚುವಾಗ ನಮ್ಮದನ್ನು ಹಚ್ಚದೆ ಬಿಡಬಾರದು. ಹಲಗಲಿಯ ಲಾವಣಿ ಕೇಳಿ ಬೆಳೆದ ಮನೆಗಳಿಗೂ ಇದೇ ಮಾತು: 1857ರ ಹೋರಾಟ ನಿಜ, ಆದರೆ ನಿಮ್ಮ ಹಿರಿಯರು ಅದರಲ್ಲಿದ್ದರೆಂದು ಹೇಳಲು ಒಂದೊಂದು ತಲೆಮಾರಿನ ಕೊಂಡಿಯೂ ಸಿಗಬೇಕು.

ಎಚ್ಚರಿಕೆಗಳು

*ಹೊಲದ ಅನುಮಾನ.* ಹಳೆಯ ಕಾಗದ ಕೇಳಿದ ಕೂಡಲೇ ಅಣ್ಣತಮ್ಮಂದಿರಿಗೆ ‘ಪಾಲು ಕೇಳಾಕ ಬಂದಾನ’ ಎಂಬ ಅನುಮಾನ ಬರುತ್ತದೆ. ಉದ್ದೇಶವನ್ನು ಮೊದಲೇ ಹೇಳಿ. ಮೂಲ ಕಾಗದ ಕೈಗೆ ತೆಗೆದುಕೊಂಡು ಹೋಗಬೇಡಿ; ಅವರ ಮನೆಯಲ್ಲೇ, ಅವರ ಎದುರಿಗೇ ಫೋಟೋ ತೆಗೆಯಿರಿ. ನಿಜವಾಗಿ ಹಕ್ಕಿನ ಪ್ರಶ್ನೆ ಇದ್ದರೆ ಅದನ್ನು ವಂಶದ ಹುಡುಕಾಟದಲ್ಲಿ ಬೆರೆಸದೆ ವಕೀಲರನ್ನು ಕೇಳಿ.

*ನೋವಿನ ವಿಷಯ.* ನಮ್ಮ ಭಾಗದಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕ ತಾಯಂದಿರ ಮಕ್ಕಳು ತಾಯಿಯ ಹೆಸರಿನಲ್ಲೇ ದಾಖಲಾಗಿದ್ದಾರೆ. ಆ ತಾಯಿಯ ಹೆಸರು ಮನೆತನದ ಕೊಂಬೆಯೇ. ಅದಕ್ಕೆ ಅಳುಕು ಬೇಡ, ಅದರ ಬಗ್ಗೆ ಒತ್ತಾಯದ ಪ್ರಶ್ನೆಯೂ ಬೇಡ. ಬಿಟ್ಟುಹೋದವರು, ಎರಡನೆಯ ಸಂಬಂಧ, ಬಾವಿಗೆ ಬಿದ್ದವರು: ಹಿರಿಯರು ಮಾತು ನಿಲ್ಲಿಸಿದಲ್ಲಿ ನೀವೂ ನಿಲ್ಲಿಸಿ. ಬದುಕಿರುವವರ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಹಂಚಬೇಡಿ.

*ಕಚೇರಿಯ ಕೆಲಸ.* ಮೊದಲು ಸಾದಾ ನಕಲು ಅರ್ಜಿ ಕೊಡಿ, ಹಿಂಬರಹ ಪಡೆಯಿರಿ. ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ.

*ಕಾಗದದ ಜೀವ.* ಹಳೆಯ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಟೇಪು ಹಚ್ಚಬೇಡಿ. 2005, 2009, 2019ರ ಮಹಾಪೂರಗಳಲ್ಲಿ ಕೃಷ್ಣೆ, ಘಟಪ್ರಭೆಯ ದಂಡೆಯ ಎಷ್ಟೋ ಮನೆಗಳ ಟ್ರಂಕುಗಳೇ ತೊಯ್ದುಹೋದವು. ಫೋಟೋ ತೆಗೆದು ಮೂರು ಕಡೆ ಇಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ.

ಪ್ರತಿ ಹೆಸರಿನ ಪಕ್ಕ ಏನು ಬರೆಯಬೇಕು?

ಹೆಸರು, ಕರೆಯುವ ಹೆಸರು, ಹುಟ್ಟಿದ-ತೀರಿದ ಅಂದಾಜು, ಊರು ಮತ್ತು ತಾಲೂಕು, ತವರು, ಹೊಲದ ಸರ್ವೆ ನಂಬರು, ಮನೆದೇವರು. ಕೊನೆಗೆ ಒಂದು ಅಂಕಣ: ‘ಯಾರು ಹೇಳಿದರು, ಎಲ್ಲಿ ಕಂಡಿತು’. ಈ ಅಂಕಣ ಖಾಲಿ ಬಿಡಬೇಡಿ. ಒಬ್ಬರೇ ಹೇಳಿದ್ದಕ್ಕೆ ಒಂದು ಗೀಟು, ಬಾಯಿಮಾತೂ ಕಾಗದವೂ ಹೊಂದಿದ್ದಕ್ಕೆ ಎರಡು ಗೀಟು ಹಾಕಿ. ಮುಂದೆ ಮೊಮ್ಮಕ್ಕಳು ಇದನ್ನು ತಿದ್ದಬೇಕಾದಾಗ ಯಾವುದನ್ನು ನಂಬಬೇಕು, ಯಾವುದನ್ನು ಮತ್ತೆ ಕೇಳಬೇಕು ಎಂಬುದು ಅವರಿಗೆ ತಿಳಿಯುತ್ತದೆ.

ಮಹಾನವಮಿಗೋ ಮನೆದೇವರ ಜಾತ್ರೆಗೋ ಮನೆತನ ಸೇರಿದಾಗ ಆ ಹಾಳೆಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿ. ‘ಅಲ್ಲಲ್ಲ, ಆಕಿ ಹಿರಿಯಾಕಿ’ ಎಂದು ಯಾರೋ ತಿದ್ದುತ್ತಾರೆ, ಮರೆತ ಕೂಸೊಂದರ ಹೆಸರನ್ನು ಇನ್ನಾರೋ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಓದಿದ ದಿನ, ಮುತ್ಯಾನ ತಾಯಿಯ ಹೆಸರು ಹೇಳಿದವರು ಬೇರೆ ಊರಿಗೆ ಕೊಟ್ಟ ಮನೆಮಗಳೊಬ್ಬರು. ಆಕೆಯ ಮಗಳಿಗೆ ಅದೇ ಹೆಸರನ್ನು ಇಟ್ಟಿದ್ದರು. ಹಾಗಾಗಿ ಹಾಳೆಯ ನಕಲು ತೆಗೆಯುವಾಗ ಗಂಡುಮಕ್ಕಳ ಮನೆಗಷ್ಟೇ ಕೊಡಬೇಡಿ. ಕೊಟ್ಟ ಹೆಣ್ಣುಮಕ್ಕಳ ಮನೆಗೂ ಒಂದೊಂದು ಕಳಿಸಿ. ನಿಮಗೆ ಸಿಗದ ಹೆಸರು ಅಲ್ಲಿರಬಹುದು.